ಜೇಬಿನಲ್ಲಿದ್ದ ಕೈಗಳು

ಅವಳು ಬಾಗಿಲು ತಳ್ಳಿ ಒಳಗೆ ಬಂದಾಗ ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಶಾಲೆಯ ಹೆಡ್‌ಮಿಸ್ಟ್ರೆಸ್ ನೀರು ಕುಡಿಯುತ್ತಿದ್ದರು. ಅವರ ವಕೀಲರು ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು. ವಿಚಾರಣೆ ನಡೆಸುವ ಅಧಿಕಾರಿ, ನರೆಗೂದಲಿನ ಹೆಂಗಸು, ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದರು. ಮೂಲೆಯಲ್ಲಿ ಅಜ್ಜಿ ತನ್ನ ಚೀಲವನ್ನು ಮಡಿಲಲ್ಲಿ ಅವಚಿಕೊಂಡು ಕೂತಿದ್ದಳು.

ಆ ಮೌನದಲ್ಲಿ ಕಪ್ಪು ಅಂಗಿಯ ಒಬ್ಬ ಗಂಡಸು, ಯಾರೋ ಏನೋ, ಅವಳು ಸಾಕುತ್ತಿದ್ದ ಹುಡುಗಿ ಚುಕ್ಕಿಯ ಎದುರು ಕೂತು ಕೈಭಾಷೆಯಲ್ಲಿ ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಿದ್ದ: 'ನಿನ್ನಿಂದ ಬೇರೆ ಮಕ್ಕಳ ಪಾಠ ಕೆಡುತ್ತೆ. ನಿನ್ನಂಥವರಿಗೆ ಅಂತಲೇ ದೂರದಲ್ಲಿ ಹಾಸ್ಟೆಲ್ ಇರೋ ಶಾಲೆ ಇದೆ. ನೀನು ಅಲ್ಲಿಗೆ ಹೋದ್ರೆ ಎಲ್ಲರಿಗೂ ಒಳ್ಳೇದು.'

ಅವಳ ರಕ್ತ ನೆತ್ತಿಗೇರಿತು. ಕುರ್ಚಿಗಳನ್ನು ಪಕ್ಕಕ್ಕೆ ತಳ್ಳುತ್ತ ನಡೆದು ಹೋಗಿ ಆ ಮನುಷ್ಯನ ಎರಡೂ ಮಣಿಕಟ್ಟುಗಳನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು.

"ಯಾರ್ರೀ ನೀವು? ಎಂಟು ವರ್ಷದ ಮಗು ಮುಂದೆ ಆಡೋ ಮಾತಾ ಇದು? ನಾಚಿಕೆ ಆಗಲ್ವಾ?"

ಅವನು ಕೈ ಎಳೆದುಕೊಳ್ಳಲಿಲ್ಲ. ಮೊದಲು ತನ್ನ ಮಣಿಕಟ್ಟುಗಳನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. ಅವನ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ಸುಸ್ತು ಇತ್ತು, ಅದರ ಕೆಳಗೆ ಎಲ್ಲೋ ಒಂದು ಸಣ್ಣ ನಗು ಅಡಗಿ ಕೂತಿತ್ತು.

"ಮೇಡಂ, ನೀವು ನನ್ನ ಬಾಯಿ ಮುಚ್ಚಿದ್ದೀರಿ," ಎಂದ ಮೆತ್ತಗೆ. "ಮಾತು ನನ್ನದಲ್ಲ. ಅವರದ್ದು. ಅವರು ಹೇಳಿ ಮುಗಿಸಿ ನೀರು ಕುಡೀತಿದ್ದಾರೆ. ನನ್ನ ಕೈ ಯಾವಾಗ್ಲೂ ಒಂದು ವಾಕ್ಯ ಹಿಂದೆ."

ಅಧಿಕಾರಿ ತಲೆಯೆತ್ತಿದರು. "ಇವರು ನಮ್ಮ ಆಫೀಸಿನಿಂದ ನೇಮಿಸಿರೋ ದುಭಾಷಿ. ಕೈ ಬಿಡಿ, ಕೂತ್ಕೊಳ್ಳಿ. ಮೊದಲೇ ತಡವಾಗಿ ಬಂದಿದ್ದೀರಿ."

ಅವಳು ಕೈ ಬಿಟ್ಟಳು. ಅವನ ಮಣಿಕಟ್ಟಿನ ಮೇಲೆ ಅವಳ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು. ಚುಕ್ಕಿ ಕಿಸಕ್ಕನೆ ನಕ್ಕು, ತನ್ನ ಮೂಗಿನ ತುದಿಯನ್ನು ಬೆರಳಿನಿಂದ ಉಜ್ಜಿ ತೋರಿಸಿದಳು. ಅದು ಚಿಕ್ಕಮ್ಮನಿಗೆ ಚುಕ್ಕಿ ಇಟ್ಟ ಹೆಸರು: ಕೆಂಪುಮೂಗು. ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಅವಳ ಮೂಗು. ಆ ಶಾಲೆಯ ದೆಸೆಯಿಂದ ಅದು ತನ್ನ ಮೊದಲಿನ ಬಣ್ಣವನ್ನೇ ಮರೆತುಬಿಟ್ಟಿತ್ತು.

ಚುಕ್ಕಿ ಅವಳ ಅಕ್ಕನ ಮಗಳು. ಗಲ್ಲದ ಮೇಲೆ ಒಂದು ಮಚ್ಚೆ, ಹಾಗಾಗಿ ಚುಕ್ಕಿ. ಹುಟ್ಟಿನಿಂದ ಕಿವಿ ಕೇಳಿಸದು. ಅಕ್ಕ ತೀರಿಕೊಂಡ ಮೇಲೆ ಮಗುವಿಗೆ ಚಿಕ್ಕಮ್ಮನೇ ತಾಯಿ, ಚಿಕ್ಕಮ್ಮನೇ ಕಿವಿ, ಚಿಕ್ಕಮ್ಮನೇ ಬಾಯಿ.

ಆ ಬಾಯಿ ಊರಿಗೆಲ್ಲ ಗೊತ್ತಿತ್ತು. ಅವಳು ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ಪ್ರಕಟಣೆ ಹೇಳುವವಳು. ಟೈರ್ ಒಡೆದರೂ, ಡ್ರೈವರ್ ಬಾರದಿದ್ದರೂ, ಬಸ್ಸೇ ರದ್ದಾದರೂ ಅವಳ ದನಿಯಲ್ಲಿ ಜೇನು. "ಪ್ರಯಾಣಿಕರಿಗೆ ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ." ಕೆಟ್ಟ ಸುದ್ದಿಗೆ ಬೆಣ್ಣೆ ಹಚ್ಚಿ ಬಡಿಸುವುದೇ ಅವಳ ಕಸುಬು.

ಮನೆಯಲ್ಲೂ ಅದೇ ಅಭ್ಯಾಸ. 'ಟೀಚರ್ ನನ್ನ ಬಗ್ಗೆ ಏನಂದ್ರು?' ಎಂದು ಚುಕ್ಕಿ ಕೇಳಿದರೆ, 'ಜಾಣೆ ಅಂದ್ರು' ಎನ್ನುವಳು. ಟೀಚರ್ ಹೇಳಿದ್ದು ಬೇರೆ. ಅದನ್ನು ಅವಳು ದಾರಿಯಲ್ಲೇ ನುಂಗಿಕೊಂಡು ಬಂದಿರುತ್ತಿದ್ದಳು.

ಆದರೆ ಆ ಒಂದು ದಿನದ್ದು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು. ಶಾಲೆಯಲ್ಲಿ ಬೆಂಕಿ ಬಿದ್ದರೆ ಹೊರಗೆ ಓಡುವುದು ಹೇಗೆ ಎಂಬುದರ ಡ್ರಿಲ್ಲು. ಸೈರನ್ ಕೂಗಿತು. ಮಕ್ಕಳು ಸಾಲಾಗಿ ಮೈದಾನಕ್ಕೆ ಹೋದರು, ಟೀಚರ್ ಹೋದರು, ಆಯಾ ಹೋದಳು, ಕಚೇರಿಯವರು ತಮ್ಮ ಊಟದ ಡಬ್ಬಿ ಸಮೇತ ಹೋದರು. ಚುಕ್ಕಿ ಮಾತ್ರ ಹಿಂದಿನ ಬೆಂಚಿನಲ್ಲಿ, ಗೋಡೆಯ ಕಡೆ ಮುಖ ಮಾಡಿ ಬಣ್ಣ ತುಂಬುತ್ತಿದ್ದಳು. ಪಾಠ ಅರ್ಥವಾಗದ ಮಗುವಿಗೆ ಶಾಲೆ ಕೊಟ್ಟಿದ್ದ ಪಾಠ ಅದೊಂದೇ. ಮೈದಾನದಲ್ಲಿ ತಲೆ ಎಣಿಸಿದವರು ಎಲ್ಲರೂ ಇದ್ದಾರೆ ಎಂದು ಟಿಕ್ ಹಾಕಿದರು. ಹೊರಗೆ ಚಪ್ಪಾಳೆಯೂ ಆಯಿತಂತೆ.

ನಿಜವಾಗಿ ಬೆಂಕಿ ಬಿದ್ದಿದ್ದರೆ? ಅವಳು ಹೆಡ್‌ಮಿಸ್ಟ್ರೆಸ್‌ರನ್ನು ಇದನ್ನೇ ಕೇಳಿದ್ದಳು. ಮಾತಿಗೊಮ್ಮೆ ಕೈಗಡಿಯಾರ ನೋಡುವ ಆ ಹೆಂಗಸಿಗೆ ಚುಕ್ಕಿ ವಾಚ್ ಮೇಡಂ ಎಂದು ಹೆಸರಿಟ್ಟಿದ್ದಳು. "ಬರೀ ಡ್ರಿಲ್ ಅಲ್ವಾ?" ಎಂದರು ವಾಚ್ ಮೇಡಂ, ವಾಚ್ ನೋಡಿಕೊಂಡು. ತರಗತಿಯಲ್ಲಿ ಒಬ್ಬ ದುಭಾಷಿಯನ್ನು ಇಡಿ ಎಂದರೆ, "ಒಂದು ಮಗುಗೋಸ್ಕರ ಉಳಿದವರಿಗೆಲ್ಲ ಡಿಸ್ಟರ್ಬ್ ಮಾಡೋಕಾಗಲ್ಲ," ಎಂದರು. ಶಾಲೆಯ ಗೇಟಿನ ಮೇಲೆ ಆಳೆತ್ತರದ ಪೋಸ್ಟರ್ ಇತ್ತು: 'ಎಲ್ಲ ಮಕ್ಕಳೂ ನಮಗೆ ಒಂದೇ'. ಅದರಲ್ಲಿ ಮುಂದಿನ ಸಾಲಿನಲ್ಲಿ, ನಟ್ಟನಡುವೆ, ನಗುತ್ತ ಕೂತವಳು ಚುಕ್ಕಿ! ಫೋಟೋಗೆ ಮೊದಲ ಸಾಲು, ಪಾಠಕ್ಕೆ ಗೋಡೆ. ಇಂಥವರ ಮೇಲೆ ದೂರು ಕೊಡದೆ ಹೂವು ಹಾಕಬೇಕೇ?

ಅಂದು ಸಂಜೆ ಚುಕ್ಕಿ, 'ಎಲ್ಲರೂ ಎಲ್ಲಿಗೆ ಹೋಗಿದ್ರು?' ಎಂದು ಕೇಳಿದಾಗ, ಅವಳ ಕೈಗಳಿಗೆ ತೋಚಿದ್ದು ಒಂದೇ. 'ಕಣ್ಣಾಮುಚ್ಚಾಲೆ ಆಡ್ತಿದ್ರು ಪುಟ್ಟಿ.' ಮತ್ತೇನು ಹೇಳುವುದು ಮಗುವಿಗೆ?

ಈಗ ಶಾಲೆ ಚುಕ್ಕಿಯ ಹೆಸರು ತೆಗೆದು ಆ ಹಾಸ್ಟೆಲ್ ಶಾಲೆಗೆ ಸಾಗಹಾಕಲು ಹೊರಟಿತ್ತು. ದೂರು ಬಿದ್ದುಹೋದರೆ ಮುಂದಿನ ವರ್ಷ ಚುಕ್ಕಿ ಮನೆಯಲ್ಲಿರುವುದಿಲ್ಲ.

ವಿಚಾರಣೆ ಮುಗಿದ ಮೇಲೆ ಅವಳು ಆ ದುಭಾಷಿಯನ್ನು ಮೆಟ್ಟಿಲಲ್ಲಿ ಹಿಡಿದಳು. ಆ ಕಟ್ಟಡದ ಲಿಫ್ಟು ಕೆಟ್ಟಿತ್ತು. ಅಂಗವಿಕಲರ ಹಕ್ಕುಗಳ ಕಚೇರಿ ಇದ್ದದ್ದು ಮಹಡಿ ಮೇಲೆ. ಅದರ ಬಗ್ಗೆಯೂ ಒಂದು ದೂರು ಕೊಡಬೇಕು ಎಂದು ಅವಳು ಮನಸ್ಸಿನಲ್ಲೇ ಗುರುತು ಹಾಕಿಕೊಂಡಿದ್ದಳು.

"ಅವರು ಹೇಳಿದ್ದನ್ನೆಲ್ಲ ಹಾಗೇ ಹೇಳ್ಬೇಕಿತ್ತಾ? ಸ್ವಲ್ಪ ಮೆತ್ತಗೆ ಮಾಡಿ ಹೇಳೋಕಾಗ್ತಿರ್ಲಿಲ್ವಾ? ಮಗು ರೀ ಅದು!"

"ದೂರು ಯಾರದ್ದು ಮೇಡಂ?"

"ಚುಕ್ಕಿದು. ಅವಳ ಪರವಾಗಿ ನಾನು ಕೊಟ್ಟಿದ್ದು."

"ಹಾಗಾದ್ರೆ ಉತ್ತರಾನೂ ಅವಳಿಗೇ ಸೇರಬೇಕಲ್ವಾ?" ಎಂದ ಅವನು. ಇನ್ನೂ ಏನೋ ಹೇಳುವವನಿದ್ದ. ತಟ್ಟನೆ ನಿಲ್ಲಿಸಿ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟ. "ಇಷ್ಟೂ ಮಾತಾಡಬಾರದಿತ್ತು. ಕೇಸು ಮುಗಿಯೋವರೆಗೆ ಒಂದು ಕಡೆಯವರ ಜೊತೆ ನಾನು ಬಾಯಿ ಬಿಡೋ ಹಾಗಿಲ್ಲ. ಗೊತ್ತಾದ್ರೆ ಅವರ ವಕೀಲರು ಇಡೀ ವಿಚಾರಣೇನೇ ರದ್ದು ಮಾಡಿಸ್ತಾರೆ. ನಷ್ಟ ಆಗೋದು ಚುಕ್ಕಿಗೆ."

ಚುಕ್ಕಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಅಂಗೈಯನ್ನು ಸೊಂಟದ ಪಕ್ಕ ಜಾರಿಸಿದಳು. ಹೆಸರಿಟ್ಟಾಯಿತು. ಅಂದಿನಿಂದ ಅವನು ಜೇಬು.

*

ಮುಂದಿನ ವಿಚಾರಣೆಗೆ ಅವಳು ಹೊಸದೊಂದು ದೂರು ಹಿಡಿದು ಬಂದಳು. ಈ ಸಲ ಶಾಲೆಯ ಮೇಲಲ್ಲ, ದುಭಾಷಿಯ ಮೇಲೆ. ದೂರು ಕೊಡುವುದು ಅವಳಿಗೆ ಈಗ ಕೈಗೆ ಹತ್ತಿದ ಕೆಲಸವಾಗಿತ್ತು.

"ಓದಿ," ಎಂದರು ಅಧಿಕಾರಿ.

ಅವಳು ಎದ್ದು ನಿಂತು ಓದಿದಳು. "ಈ ಮನುಷ್ಯನಿಗೆ ಕರುಣೆ ಎಂಬುದು ಇಲ್ಲ. ಮಗುವಿನ ಮುಂದೆ ಏನು ಹೇಳಬೇಕು, ಏನು ಹೇಳಬಾರದು ಎಂಬ ವಿವೇಕ ಮೊದಲೇ ಇಲ್ಲ. ಬಂಡೆಗಲ್ಲಿಗೆ ಎರಡು ಕೈ ಅಂಟಿಸಿದ ಹಾಗೆ ಕೂತಿರುತ್ತಾರೆ..."

ಕಣ್ಣಂಚಿನಲ್ಲಿ ಏನೋ ಅಲುಗಾಡಿದಂತಾಗಿ ನೋಡಿದಳು. ಅವನು ಕೆಲಸ ಮಾಡುತ್ತಿದ್ದ. ತನ್ನ ಮೇಲಿನ ದೂರನ್ನು ತಾನೇ, ಒಂದಕ್ಷರವೂ ಬಿಡದೆ, ಚುಕ್ಕಿಗೆ ಕೈಭಾಷೆಯಲ್ಲಿ ಹೇಳುತ್ತಿದ್ದ. ಅವಳ ಸಿಟ್ಟನ್ನೂ ಬಿಟ್ಟಿರಲಿಲ್ಲ. ಹುಬ್ಬು ಗಂಟಿಕ್ಕಿತ್ತು, ಗಲ್ಲ ಮುಂದೆ ಚಾಚಿತ್ತು, 'ಕರುಣೆ ಇಲ್ಲ' ಎಂಬಲ್ಲಿ ಕಣ್ಣಲ್ಲಿ ಕಿಡಿ ಹಾರಿತು. ಬಂಡೆಗಲ್ಲಿಗೆ ಕೈ ಅಂಟಿಸಿದ್ದನ್ನು ಎಷ್ಟು ಚೆನ್ನಾಗಿ ಮಾಡಿದನೆಂದರೆ ಚುಕ್ಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಧಿಕಾರಿ ತುಟಿ ಕಚ್ಚಿಕೊಂಡರು. ಅಜ್ಜಿಗೆ ಕೈಭಾಷೆ ಬಾರದು, ಆದರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅವಳಿಗೆ ಓದುತ್ತಿದ್ದ ಸಾಲು ತಪ್ಪಿಹೋಯಿತು. ಇಷ್ಟು ವರ್ಷದಲ್ಲಿ ತನ್ನ ಸಿಟ್ಟನ್ನು ಯಾರೂ ಇಷ್ಟು ಗಮನವಿಟ್ಟು ನೋಡಿದ್ದಿಲ್ಲ ಎಂದು ಯಾಕೋ ಆಗ ಅನಿಸಿತು. ಅನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಮುಂದೆ?" ಎಂದರು ಅಧಿಕಾರಿ.

"ಅಷ್ಟೇ," ಎಂದು ಅವಳು ಕೂತಳು. ಬರೆದಿದ್ದು ಇನ್ನೂ ಒಂದು ಪುಟ ಇತ್ತು.

ಅಧಿಕಾರಿ ಅವನ ಕಡೆ ತಿರುಗಿ, ಎಲ್ಲರೆದುರು ಉತ್ತರ ಕೊಡಬಹುದು ಎಂದರು. ಅವನು ಹೇಳುತ್ತಲೇ ಕೈಯಲ್ಲೂ ಹೇಳಿದ, ಚುಕ್ಕಿಗೂ ತಿಳಿಯುವಂತೆ.

"ನನ್ನ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸ್ತಿರ್ಲಿಲ್ಲ. ಚಿಕ್ಕಂದಿನಿಂದ ನಾನೇ ಅವರ ದುಭಾಷಿ. ಯಾರಾದ್ರೂ ಅಪ್ಪನಿಗೆ ಬೈದ್ರೆ ನಾನು 'ನಮಸ್ಕಾರ ಹೇಳ್ತಿದ್ದಾರೆ' ಅಂತಿದ್ದೆ. ಅಪ್ಪನೂ ನಗ್ತಾ ನಮಸ್ಕಾರ ಮಾಡ್ತಿದ್ರು, ಬೈದೋನು ಇನ್ನೂ ಜೋರಾಗಿ ನಗ್ತಿದ್ದ. ಒಂದಿನ ಅಪ್ಪನಿಗೆ ಗೊತ್ತಾಯ್ತು. 'ಅವನು ಬೈದಿದ್ದು ನನಗೆ. ತಿರುಗಿ ಬೈಯೋ ಹಕ್ಕೂ ನಂದೇ. ಅದನ್ನ ನೀನು ಯಾಕೋ ನುಂಗ್ತೀಯಾ?' ಅಂದ್ರು. ಅಷ್ಟೇ ಮೇಡಂ. ಅವತ್ತಿನಿಂದ ನಾನು ನುಂಗೋದು ಬಿಟ್ಟೆ."

ಅವಳು ದೂರಿನ ಹಾಳೆಯನ್ನು ಮಡಚಿ, ಮತ್ತೆ ಮಡಚಿ, ಬ್ಯಾಗಿನ ತಳಕ್ಕೆ ತುರುಕಿದಳು.

"ದೂರು ವಾಪಸ್ ತಗೊಳ್ತೀರಾ?" ಎಂದರು ಅಧಿಕಾರಿ.

"ಬಂಡೆಗಲ್ಲು ಅನ್ನೋದನ್ನ ಮಾತ್ರ ವಾಪಸ್ ತಗೊಳ್ತೀನಿ," ಎಂದಳು ಅವಳು, ನೆಲ ನೋಡುತ್ತ. ಅದನ್ನೂ ಅವನು ಚುಕ್ಕಿಗೆ ಹೇಳಿದ. ಹೇಳುವಾಗ ಅವನ ತುಟಿಯ ಒಂದು ಕೊನೆ ಮಾತ್ರ ತನ್ನಷ್ಟಕ್ಕೆ ತಾನೇ ಮೇಲೆ ಹೋಯಿತು.

*

ಆಮೇಲೆ ಅವನು ಅವಳ ಕಣ್ಣಿಗೆ ಬೀಳತೊಡಗಿದ. ಅಥವಾ ಮೊದಲಿನಿಂದಲೂ ಅಲ್ಲೇ ಇದ್ದನೇನೋ. ಸಂಜೆ ಬಸ್ ನಿಲ್ದಾಣದಲ್ಲಿ, ಗಾಜಿನ ಕೋಣೆಯ ಎದುರಿನ ಕಂಬಕ್ಕೆ ಒರಗಿ, ಕಪ್ಪು ಅಂಗಿ, ಜೇಬಿನಲ್ಲಿ ಕೈ. ಅವನ ಬಸ್ಸು ಬರುತ್ತಿತ್ತು, ತುಂಬುತ್ತಿತ್ತು, ಹೋಗುತ್ತಿತ್ತು. ಅವನು ಹತ್ತುತ್ತಿರಲಿಲ್ಲ. ಅವಳು ಪ್ರಕಟಣೆ ಶುರುಮಾಡಿದರೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ತಡವಾದ ಬಸ್ಸುಗಳ ಪಟ್ಟಿಯನ್ನು ಹಾಡಿನಂತೆ ಕೇಳುವ ಮನುಷ್ಯನನ್ನು ಅವಳು ಅದೇ ಮೊದಲು ನೋಡಿದ್ದು.

ದಿನದ ಶಾಲೆ ಮುಗಿದ ಮೇಲೆ ಚುಕ್ಕಿ ಅವಳ ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಿದ್ದಳು. ಅವನನ್ನು ಕಂಡು ಗಾಜಿನ ಹಿಂದಿನಿಂದ ಕೈ ಬೀಸಿದಳು. ಅವನು ತಿರುಗಿ ಬೀಸಲಿಲ್ಲ. ಚುಕ್ಕಿಯೂ ಒಂದು ಕಡೆಯವಳೇ ಅಲ್ಲವೇ?

'ಅವನಿಗೆ ಕೈನೋವಾ?' ಎಂದಳು ಚುಕ್ಕಿ, ಕನಿಕರದಿಂದ.

'ಹ್ಞೂ. ತುಂಬಾ ನೋವು.'

'ಪಾಪ. ನೋಡೋಕೆ ಚೆನ್ನಾಗಿದ್ದಾನೆ.'

'ನೀನು ಬಣ್ಣ ಹಾಕು,' ಎಂದಳು ಅವಳು. ಮೂಗಿನ ಜೊತೆ ಕಿವಿಯೂ ಬಿಸಿಯಾಗಿತ್ತು.

ಒಂದು ಸಂಜೆ ಅವಳಿಗೆ ತುಂಟತನ ಬಂತು. ಕೊನೆಯ ಪ್ರಯಾಣಿಕನೂ ಹತ್ತಿ ಅವನ ಬಸ್ಸು ಹೊರಡುವ ಹೊತ್ತು. ಮೈಕು ಹತ್ತಿರ ಎಳೆದುಕೊಂಡಳು.

"ಕಪ್ಪು ಅಂಗಿ ತೊಟ್ಟ ಪ್ರಯಾಣಿಕರ ಗಮನಕ್ಕೆ. ನಿಮ್ಮ ಬಸ್ಸು ಹೊರಡುತ್ತಿದೆ. ಕಂಬ ತಾನಾಗಿಯೇ ನಿಂತುಕೊಳ್ಳುತ್ತದೆ, ನೀವು ಹಿಡಿದುಕೊಳ್ಳುವ ಅಗತ್ಯವಿಲ್ಲ."

ನಿಲ್ದಾಣದಲ್ಲಿದ್ದ ಕಪ್ಪು ಅಂಗಿಯವರೆಲ್ಲ ಗಾಬರಿಯಿಂದ ಸುತ್ತಮುತ್ತ ನೋಡಿದರು. ಅವನು ಮಾತ್ರ ನೇರವಾಗಿ ಅವಳನ್ನೇ ನೋಡಿದ. ನಗು ತಡೆದು ತಡೆದು ಅವನ ಭುಜ ಕುಲುಕುತ್ತಿತ್ತು. ಅವಳು ಗಾಜಿನ ಮೂಲಕ ಬೆರಳುಗಳನ್ನು ಆಡಿಸಿ ಕೇಳಿದಳು: 'ಕಾಫಿ?'

ಅವನ ಜೇಬಿನೊಳಗೆ ಏನೋ ಮಿಸುಕಾಡಿತು. ಮುಷ್ಟಿ ಬಿಗಿದುಕೊಂಡಿತೋ, ಬಿಚ್ಚಿತೋ. ಕೈ ಹೊರಗೆ ಬರಲಿಲ್ಲ. ಅವನು ಓಡಿ ಬಸ್ಸು ಹತ್ತಿದ. ಕಿಟಕಿಯಲ್ಲಿ ಅವನ ಮುಖ ಅವಳ ಕಡೆಗೇ ತಿರುಗಿತ್ತು.

ಅಂದು ಅವಳಿಗೆ ಶಾಲೆಯ ಮೇಲಿನ ಸಿಟ್ಟು ಇಮ್ಮಡಿಯಾಯಿತು. ಮಗುವಿನ ಪಾಠ ಕಸಿದುಕೊಂಡಿದ್ದು ಸಾಲದೆಂದು ತನ್ನ ಒಂದು ಲೋಟ ಕಾಫಿಯನ್ನೂ ಕಸಿದುಕೊಂಡಿತಲ್ಲ!

*

ಕೊನೆಯ ವಿಚಾರಣೆಯ ದಿನ ಶಾಲೆಯ ವಕೀಲರು ಇಸ್ತ್ರಿ ಮಾಡಿದ ನಗೆ ತೊಟ್ಟುಕೊಂಡು ಬಂದಿದ್ದರು. "ಮಗುವನ್ನೇ ಕೇಳೋಣ," ಎಂದರು. "ಪುಟ್ಟಾ, ಕ್ಲಾಸಲ್ಲಿ ಯಾರಾದ್ರೂ ನಿನಗೆ ಬರಬೇಡ ಅಂತ ಹೇಳಿದ್ರಾ? ಟೀಚರ್ ನಿನ್ನ ಬಗ್ಗೆ ಏನು ಹೇಳ್ತಾರೆ?"

ಚುಕ್ಕಿಯ ಕೈಗಳು ಆಡಿದವು. ಅವನ ದನಿ ಅದನ್ನು ಕೋಣೆಗೆ ತಂದಿತು. "ಟೀಚರ್ ನನ್ನನ್ನ ಜಾಣೆ ಅಂತಾರೆ. ಚಿಕ್ಕಮ್ಮ ಹೇಳಿದ್ದು."

"ಡ್ರಿಲ್ ನಡೆದ ದಿನ ಎಲ್ಲರೂ ಹೊರಗೆ ಹೋಗಿದ್ರಲ್ಲ, ಅವತ್ತು ಏನಾಯ್ತು?"

"ಕಣ್ಣಾಮುಚ್ಚಾಲೆ ಆಟ."

ಚಿಕ್ಕಮ್ಮ ನುಂಗಿದ್ದೆಲ್ಲ ಈಗ ಮಗುವಿನ ಕೈಯಿಂದ ಹೊರಗೆ ಬರುತ್ತಿತ್ತು. ವಕೀಲರು ಅಧಿಕಾರಿಯ ಕಡೆ ತಿರುಗಿದರು. "ನೋಡಿ. ಮಗು ಹೆದರಿಯೂ ಇಲ್ಲ, ನೊಂದೂ ಇಲ್ಲ. ನೊಂದಿರೋದು ಬರೀ ಚಿಕ್ಕಮ್ಮ. ದೊಡ್ಡವರ ಜಗಳಕ್ಕೆ ಮಗುವಿನ ಹೆಸರು."

ವಾಚ್ ಮೇಡಂ ವಾಚ್ ನೋಡಿಕೊಂಡರು. ಇನ್ನೇನು ಊಟದ ಹೊತ್ತಿಗೆ ಎಲ್ಲ ಮುಗಿದುಬಿಡುತ್ತದೆ ಎಂಬ ನೆಮ್ಮದಿ ಮುಖದಲ್ಲಿತ್ತು.

ಅವಳು ಅವನನ್ನು ನೋಡಿದಳು. ಏನಾದರೂ ಮಾಡಿ, ಒಂದು ಪದ ಹೆಚ್ಚು ಹಾಕಿ, ಒಂದು ಪದ ಕಮ್ಮಿ ಮಾಡಿ ಎಂದು ಕಣ್ಣಲ್ಲೇ ಬೇಡಿದಳು. ಅವನ ಮುಖ ಬಿಳಿಚಿಕೊಂಡಿತ್ತು. ಆದರೂ ಅವನು ಹಾಗೇ ಕೂತಿದ್ದ, ವಕೀಲರ ಮಾತನ್ನು ಪೂರ್ತಿಯಾಗಿ ಚುಕ್ಕಿಯ ಮುಂದೆ ಇಟ್ಟ. 'ಮಗು ನೊಂದಿಲ್ಲ' ಎಂಬುದನ್ನೂ ಇಟ್ಟ. ಎಂಥ ಮನುಷ್ಯನಪ್ಪಾ ಇವನು ಎಂದು ಅವಳಿಗೆ ಅಳು ಬಂತು.

ಚುಕ್ಕಿ ಅದನ್ನು ನೋಡಿದಳು. ಅವಳ ಪುಟ್ಟ ಮೂಗಿನ ತುದಿ ನಿಧಾನವಾಗಿ ಕೆಂಪಾಯಿತು. ಬೆಂಚಿನಿಂದ ಇಳಿದು, ಎಲ್ಲರಿಗೂ ಕಾಣುವಂತೆ ಕೋಣೆಯ ನಡುವೆ ಬಂದು ನಿಂತಳು. ನನ್ನ ಮಾತು ಮುಗಿದಿಲ್ಲ ಎಂದಳು.

"ಕಣ್ಣಾಮುಚ್ಚಾಲೆ ಅಂತ ಚಿಕ್ಕಮ್ಮ ಹೇಳಿದ್ದು," ಎಂದಿತು ಅವನ ದನಿ. "ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಚಿಕ್ಕಮ್ಮನ ಕೈ ಸಿಹಿ ಸಿಹಿ ಹೇಳ್ತಿತ್ತು, ಮುಖ ಉರೀತಿತ್ತು. ನಾನು ಮುಖಾನೇ ನೋಡೋದು. ಜಾಣೆ ಅಂದಾಗ್ಲೂ ಹಾಗೇ. ಯಾವಾಗ್ಲೂ ಹಾಗೇ. ಚಿಕ್ಕಮ್ಮ ಅಳ್ತಾಳೆ ಅಂತ ನಾನು ನಂಬಿದ ಹಾಗೆ ಇದ್ದೆ."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಆಟ ಆಗಿದ್ರೆ ಬಚ್ಚಿಟ್ಟುಕೊಂಡವರನ್ನ ಯಾರಾದ್ರೂ ಹುಡುಕ್ತಾರೆ. ನಾನು ಬಚ್ಚಿಟ್ಟುಕೊಂಡೇ ಇರ್ಲಿಲ್ಲ. ನನ್ನ ಜಾಗದಲ್ಲೇ ಕೂತಿದ್ದೆ. ಆದ್ರೂ ಯಾರಿಗೂ ಸಿಗ್ಲಿಲ್ಲ."

ಪೆನ್ನುಗಳು ನಿಂತವು. ಚುಕ್ಕಿ ವಾಚ್ ಮೇಡಂ ಕಡೆ ತಿರುಗಿ, ನೇರವಾಗಿ ಅವರ ಮುಖಕ್ಕೇ ಬೆರಳು ತೋರಿಸಿ ಕೇಳಿದಳು. ಅವನೂ ಅಷ್ಟೇ ನೇರವಾಗಿ ಕೇಳಿದ.

"ಗೇಟಿನ ಫೋಟೋದಲ್ಲಿ ನನ್ನನ್ನ ಮುಂದೆ ಕೂರಿಸಿದ್ರಿ. ಕ್ಲಾಸಲ್ಲಿ ಯಾಕೆ ಗೋಡೆ ಕಡೆ ಕೂರಿಸಿದ್ರಿ?"

ಅವನು ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು, ಅವರ ಉತ್ತರವನ್ನು ಚುಕ್ಕಿಗೆ ದಾಟಿಸಲು ಸಿದ್ಧನಾಗಿ ಕಾದ. ಗಾಳಿಯಲ್ಲಿ ಆ ಖಾಲಿ ಕೈಗಳು ಹಾಗೇ ನಿಂತಿದ್ದವು. ಮೇಡಂ ವಕೀಲರನ್ನು ನೋಡಿದರು, ವಕೀಲರು ಪೆನ್ನಿನ ಮುಚ್ಚಳ ನೋಡಿದರು.

"ಮೇಡಂ," ಎಂದರು ಅಧಿಕಾರಿ, "ದುಭಾಷಿ ಕಾಯ್ತಿದ್ದಾರೆ."

ಕೊನೆಗೂ ಮೇಡಂ ಬಾಯಲ್ಲಿ ಬಂದದ್ದು, "ಅದು... ವ್ಯವಸ್ಥೆ ಹಾಗಿತ್ತು," ಎಂಬುದಷ್ಟೇ. ಅವನು ಅದನ್ನು ಕೈಭಾಷೆಗೆ ತಂದ, ಆ ತೊದಲಿನ ಸಮೇತ. ಚುಕ್ಕಿ ಒಂದು ಕ್ಷಣ ಯೋಚಿಸಿ, 'ಕೆಟ್ಟ ವ್ಯವಸ್ಥೆ' ಎಂದು ಹೋಗಿ ಅಜ್ಜಿಯ ತೊಡೆಯ ಮೇಲೆ ಕೂತಳು. ಅದನ್ನು ದನಿಯಲ್ಲಿ ಹೇಳಿ ಮುಗಿಸಿ ಅವನು ಕೈಗಳನ್ನು ಜೇಬಿಗೆ ಹಾಕಿಕೊಂಡ. ಜೇಬಿನ ಬಟ್ಟೆ ನಡುಗುತ್ತಿದ್ದುದು ಅವಳಿಗೆ ಮಾತ್ರ ಕಂಡಿತು.

ಆದೇಶ ಬರಲು ಕೆಲವು ವಾರ ಹಿಡಿಯಿತು. ಹೆಸರು ತೆಗೆಯುವಂತಿಲ್ಲ. ತರಗತಿಗೆ ದುಭಾಷಿ ಬರಬೇಕು. ಸೈರನ್ನಿನ ಜೊತೆ ಎಲ್ಲ ಕೋಣೆಗಳಲ್ಲೂ ಮಿನುಗುವ ಕೆಂಪು ದೀಪ ಹಾಕಬೇಕು. ಚುಕ್ಕಿಗೆ ಇನ್ನು ಮೇಲೆ ಮೊದಲ ಸಾಲಿನ ಬೆಂಚು. ವಾಚ್ ಮೇಡಂ ಮಾತ್ರ ಕಂಡಕಂಡವರಿಗೆಲ್ಲ, "ನಾವು ಮೊದಲಿನಿಂದಲೂ ಇದನ್ನೇ ಬಯಸಿದ್ವಿ," ಎಂದು ಹೇಳಿಕೊಂಡು ತಿರುಗುತ್ತಿದ್ದರಂತೆ. ಕೇಳಿ ಅವಳ ಮೂಗು ಮತ್ತೆ ಕೆಂಪಾಯಿತು. ಆ ಪೋಸ್ಟರಿನ ಮೇಲೆ ಇನ್ನೊಂದು ದೂರು ಕೊಡಲು ಅವಳು ಪೆನ್ನು ಹುಡುಕಿದಳು.

ಆದೇಶ ಬಂದ ಸಂಜೆ ಚುಕ್ಕಿಯನ್ನು ಎದುರು ಕೂರಿಸಿಕೊಂಡು, 'ಇನ್ನು ಮೇಲೆ ಎಲ್ಲಾ ಇದ್ದ ಹಾಗೇ ಹೇಳ್ತೀನಿ,' ಎಂದು ಮಾತು ಕೊಟ್ಟಳು. ಚುಕ್ಕಿ ಅವಳ ಮುಖವನ್ನೇ ಬಹಳ ಹೊತ್ತು ಪರೀಕ್ಷಿಸಿ ನೋಡಿ, 'ಸರಿ, ಇದು ನಿಜ,' ಎಂದಳು.

*

ಮರುದಿನ ಸಂಜೆ ಗಾಜಿನ ಕೋಣೆಯ ಎದುರಿನ ಕಂಬದ ಹತ್ತಿರ ಕಪ್ಪು ಅಂಗಿ ಇರಲಿಲ್ಲ. ಅವಳ ಕಣ್ಣು ಅಲ್ಲಿಗೇ ಹೋಗಿ ಹೋಗಿ ವಾಪಸ್ ಬರುತ್ತಿತ್ತು. ಮುಗಿಯಿತಲ್ಲ ಕೇಸು, ಅವನಿಗಿನ್ನೇನು ಕೆಲಸ ಇಲ್ಲಿ ಎಂದುಕೊಂಡಳು. ಒಂದು ಪ್ರಕಟಣೆಯಲ್ಲಿ ಪ್ಲಾಟ್‌ಫಾರ್ಮ್ ತಪ್ಪು ಹೇಳಿದಳು.

ಚುಕ್ಕಿ ಅವಳ ತೋಳು ಹಿಡಿದು ಅಲುಗಿಸಿದಳು.

ಗಾಜಿನಾಚೆ, ಕಂಬದ ಹತ್ತಿರವಲ್ಲ, ಎದುರಿಗೇ ಅವನು ನಿಂತಿದ್ದ. ನೀಲಿ ಅಂಗಿ! ಕೆಲಸಕ್ಕೆ ತೊಡುವ ಕಪ್ಪಲ್ಲ, ಸ್ವಂತದ ಅಂಗಿ. ಸುತ್ತ ಹಾರ್ನು, ಕೂಗಾಟ, ಗಾಜು ಬೇರೆ ದಪ್ಪ. ಬಾಯಲ್ಲಿ ಏನು ಹೇಳಿದರೂ ಕೇಳಿಸದು. ಅವನು ಜೇಬಿನಿಂದ ಕೈಗಳನ್ನು ತೆಗೆದ. ಮೊದಲು ಚುಕ್ಕಿಗೆ ಕೈ ಬೀಸಿದ, ಬಾಕಿ ಉಳಿದಿದ್ದನ್ನೆಲ್ಲ ಸೇರಿಸಿ. ಆಮೇಲೆ ಅವಳ ಕಡೆ ತಿರುಗಿದ.

'ಕೈ ನೋವು ವಾಸಿ ಆಯ್ತಾ?' ಎಂದಳು ಅವಳು.

'ಇವತ್ತು ವಾಸಿ ಆಯ್ತು. ಒಂದು ಮಾತು ಹೇಳ್ಬೇಕು. ಬೇರೆ ಯಾರದ್ದೂ ಅಲ್ಲ, ನನ್ನದೇ.'

'ಹೇಳಿ.'

ಅವನ ಕೈಗಳು ಎದೆಯ ಹತ್ತಿರ ಬಂದು ತಡವರಿಸಿದವು. ಊರಿನವರ ಮಾತನ್ನೆಲ್ಲ ಸರಾಗವಾಗಿ ದಾಟಿಸುವ ಕೈಗಳಿಗೆ ತಮ್ಮ ಸ್ವಂತದ್ದೊಂದು ಮಾತು ಬರುತ್ತಿರಲಿಲ್ಲ. ಎರಡು ಸಲ ಶುರುಮಾಡಿ ನಿಲ್ಲಿಸಿದ. ಚುಕ್ಕಿ ಬೇಸತ್ತು, ಬೇಗ ಬೇಗ ಎಂದು ಸನ್ನೆ ಮಾಡಿದಳು.

'ನೀವು ನನ್ನ ಮಣಿಕಟ್ಟು ಹಿಡಿದ್ರಲ್ಲ, ಆ ದಿನದಿಂದ ಆ ಹಿಡಿತ ಬಿಟ್ಟೇ ಇಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ. ನಿಮ್ಮ ಸಿಟ್ಟು ಇಷ್ಟ. ನಿಮ್ಮ ಜೊತೆ, ಚುಕ್ಕಿ ಜೊತೆ ಇರೋಕೆ ಇಷ್ಟ. ಮದುವೆ ಆಗ್ತೀರಾ?'

ಎದುರಿನ ಸಾಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಈ ಮನುಷ್ಯ ಗಾಜಿಗೆ ಯಾಕೆ ಕೈ ಆಡಿಸುತ್ತಿದ್ದಾನೆಂದು ನೋಡುತ್ತಿದ್ದರು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ಮುಂದಿನ ದೀಪ ಹತ್ತಿತು. ಬಸ್ಸೊಂದು ತಡ. ಪ್ರಕಟಣೆ ಹೇಳಲೇಬೇಕು.

ಅವಳು ಮೈಕಿನ ಗುಂಡಿ ಒತ್ತಿದಳು. ಬಾಯಿ ಹೇಳಿತು, "ಪ್ರಯಾಣಿಕರ ಗಮನಕ್ಕೆ. ಬಸ್ಸು ಸ್ವಲ್ಪ ತಡವಾಗಿ ಹೊರಡಲಿದೆ." ಕೈ ಬೇರೆ ಹೇಳಿತು: 'ಇಷ್ಟು ದಿನ ಕಾಯಿಸಿದ್ದಕ್ಕೆ ನಿಮ್ಮ ಮೇಲೆ ದೂರು ಕೊಡ್ತೀನಿ. ಯೋಚನೆ ಮಾಡಿ ಹೇಳ್ತೀನಿ. ಈಗ ಹೋಗಿ, ನನಗೆ ಕೆಲಸ ಇದೆ.'

ಅವನ ಮುಖ ಸಪ್ಪಗಾಯಿತು. ಕೈಗಳು ಮತ್ತೆ ಜೇಬಿನ ದಾರಿ ಹಿಡಿದವು.

ಚುಕ್ಕಿ ಸ್ಟೂಲಿನ ಮೇಲೆ ಎದ್ದು ನಿಂತಳು. ಗಾಜಿಗೆ ಮೂಗು ತಾಗಿಸಿ, ಅವನಿಗೆ ಕಾಣುವಂತೆ ದೊಡ್ಡದಾಗಿ, ಬುದ್ಧಿಯಿಲ್ಲದವರಿಗೆ ಹೇಳುವಂತೆ ಹೇಳಿದಳು: 'ಕೈ ನೋಡಬೇಡ, ಜೇಬು. ಮುಖ ನೋಡು.'

ಅವನು ನೋಡಿದ.

"ಅನಾನುಕೂಲಕ್ಕೆ ವಿಷಾದಿಸುತ್ತೇವೆ," ಎಂದು ಹೇಳುತ್ತಿದ್ದವಳ ಕಣ್ಣಲ್ಲಿ ನೀರು ತುಂಬಿತ್ತು, ತುಟಿ ನಗುತ್ತಿತ್ತು, ಮೂಗು ಕೆಂಪಗೆ ಹೊಳೆಯುತ್ತಿತ್ತು. ಆ ಸಂಜೆ ನಿಲ್ದಾಣದ ಮೂಲೆಮೂಲೆಯಲ್ಲೂ ಕೇಳಿಸಿದ ಆ ದನಿಯಲ್ಲಿ ವಿಷಾದದ ಸುಳಿವೂ ಇರಲಿಲ್ಲ. ಅವನು ಗಾಜಿನ ಕೋಣೆಯ ಬಾಗಿಲ ಕಡೆಗೆ ಓಡಿ ಬಂದ.